ದಿನಕ್ಕೊಂದು ಮಾತು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದ್ದು ನಮ್ಮ ಬೀದಿಗೆ ಹೂವು ತರುವ ಹೆಂಗಸು. ಮೊಳ ಹಾಕುತ್ತಾ, ತಲೆಯೆತ್ತದೆ, "ಅದೇ ಕಣಮ್ಮ, ನಿಮ್ ಪಕ್ಕದ್ ಮನೇಲಿ ಬಾಡಿಗೆಗಿದ್ರಲ್ಲ, ಗೇಟ್ ಅಳ್ಳಾಡ್ಸಿ ಅಳ್ಳಾಡ್ಸಿ ನೋಡೋರು, ಆ ಕಂಪ್ಯೂಟರ್ ಮೇಡಮ್ಮು. ಚನ್ನರಾಯಪಟ್ಣದಲ್ಲಿ ಅಣ್ಣನ್ ಮನೇಲಿ ಓಗ್ಬುಟ್ರಂತೆ" ಎಂದಳು. ಹೂವನ್ನು ದೇವರ ಮುಂದೆ ಇಡುವುದನ್ನೂ ಮರೆತು ಫ್ರಿಜ್ಜಿನ ಮೇಲಿಟ್ಟೆ. ಸಂಜೆ ನೋಡಿದಾಗ ಬಾಡಿತ್ತು.

ಹಾಸನದಲ್ಲಿ ಅವರು ನಮ್ಮ ಪಕ್ಕದ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಲಾರಿಯಿಂದ ಇಳಿದ ಸಾಮಾನು ಸ್ವಲ್ಪವೇ. ಅದರ ಸುತ್ತ ಅವರು ಓಡಾಡಿದ್ದು ಬಹಳ. ಮದುವೆಯಾಗಿರಲಿಲ್ಲ. ಸೀರೆಯನ್ನು ಹಿಮ್ಮಡಿಗಿಂತ ಒಂದಿಷ್ಟು ಮೇಲಕ್ಕೇ ಉಡುತ್ತಿದ್ದರು, ಬೇಗ ನಡೆಯಲಿಕ್ಕೆ. ಬಳೆಗೆ ಸೇಫ್ಟಿ ಪಿನ್ನು, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಕಚೇರಿಯ ಬೀಗದಕೈ. ಬೆಳಿಗ್ಗೆ ಹೊರಡುವಾಗ ಗೇಟಿಗೆ ಬೀಗ ಹಾಕಿ ಅಲುಗಾಡಿಸಿ ನೋಡುವರು, ಬೀದಿಯ ಮೂಲೆಯವರೆಗೆ ಹೋಗುವರು, ತಿರುಗಿ ಬಂದು ಮತ್ತೆ ಅಲುಗಾಡಿಸುವರು. "ಆ ಗೇಟು ಕಳ್ಳರ ಕೈಲಿ ಅಲ್ಲ, ಆಕೆ ಕೈಲೇ ಒಂದಿನ ಕಿತ್ತು ಬರುತ್ತೆ" ಎಂದು ನನ್ನ ಯಜಮಾನರು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಅವರ ಕಚೇರಿಯ ಹೆಸರು ಇಲ್ಲಿ ಬೇಡ. ಹೊಳೆ ಉಕ್ಕಿದರೆ, ಗುಡ್ಡ ಕುಸಿದರೆ, ಎಲ್ಲಾದರೂ ಬೆಂಕಿ ಬಿದ್ದರೆ ಸುದ್ದಿ ಮೊದಲು ಅಲ್ಲಿಗೆ ಬಂದು, ಅಲ್ಲಿಂದ ತಾಲ್ಲೂಕುಗಳಿಗೆ ಹೋಗಬೇಕು. ಅದನ್ನು ಕಂಪ್ಯೂಟರಿನ ಮೂಲಕ ಕಳಿಸುವ ಏರ್ಪಾಡು ಇವರದು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದರು. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ಟೆಲಿಫೋನ್ ತಂತಿ ಚುಚ್ಚಿದ ಇನ್ನೊಂದು ಪೆಟ್ಟಿಗೆ. ಫೋನು ಸೇರುವಾಗ ಅದು ನಮ್ಮ ಮನೆಯ ಮಿಕ್ಸಿಗೆ ನೆಗಡಿಯಾದ ಹಾಗೆ ಕೂಗಿತು.

"ಇಷ್ಟೊಂದು ಬೀಗ, ಪಾಸ್‌ವರ್ಡು ಯಾಕೆ? ಪ್ರವಾಹದ ಸುದ್ದೀನ ಯಾರು ಕದೀತಾರೆ?" ಎಂದು ಕೇಳಿದೆ.

"ಕದಿಯೋಕೆ ಯಾರೂ ಬರಲ್ಲ ಅಕ್ಕ. ಒಳಗೆ ಸುಳ್ಳು ಇಟ್ಟು ಹೋಗೋಕೆ ಬರ್ತಾರೆ."

ಅವರ ಊರು ಹೊಳೆನರಸೀಪುರ; ದೇವಸ್ಥಾನದ ಸೇವೆಯ ಮನೆತನ. ಅವರು ಶಾಲೆಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ, ಮೇಲೆ ಕಟ್ಟೆ ಒಡೆಯಿತೆಂದು ಯಾರೋ ಕೂಗಿಕೊಂಡು ಬಂದರಂತೆ. ಹೊಳೆಯ ಕಡೆಯ ಬೀದಿಗಳೆಲ್ಲ ಒಂದೇ ಉಸಿರಿಗೆ ದಿಣ್ಣೆಯ ಕಡೆ ಓಡಿದವು. ಆ ನೂಕಾಟದಲ್ಲಿ ಅವರ ಅಜ್ಜಿ ದೇವಸ್ಥಾನದ ಮೆಟ್ಟಿಲಿನ ಮೇಲೆ ಬಿದ್ದರು. ಸೊಂಟ ಮುರಿಯಿತು, ಮತ್ತೆ ಏಳಲಿಲ್ಲ. "ನೀರು ಬರ್ಲೇ ಇಲ್ಲ ಅಕ್ಕ. ಒಂದು ತಂಬಿಗೆ ನೀರೂ ಬರ್ಲಿಲ್ಲ. ನಮ್ಮಜ್ಜಿಯನ್ನ ಕೊಂದಿದ್ದು ಬರೀ ಮಾತು." ಇದನ್ನು ಹೇಳುವಾಗಲೂ ಅವರು ನನ್ನ ಅಡಿಗೆಮನೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಕಾಫಿ ಲೋಟ ಹಿಡಿದು ಕಿಟಕಿಗೆ ಹೋದರು, ಬಾಗಿಲಿಗೆ ಹೋದರು, ಗ್ಯಾಸಿನ ಗುಂಡಿಯನ್ನು ಒಮ್ಮೆ ಮುಟ್ಟಿ ಬಂದರು.

ಕಚೇರಿಯಲ್ಲಿ ಎಲ್ಲರ ಪಾಸ್‌ವರ್ಡೂ ಮನೆದೇವರ ಹೆಸರೋ ಮಗುವಿನ ಹೆಸರೋ ಆಗಿರುತ್ತಿತ್ತಂತೆ. ಇವರು ಯಾರಿಗೂ ಬೈಯುತ್ತಿರಲಿಲ್ಲ. ಮೇಲಿನ ಸಾಹೇಬರ ಮೇಜಿನ ಮುಂದೆ ನಿಂತು, "ಸಾರ್, ನಿಮ್ಮ ಮೊಮ್ಮಗಳ ಹೆಸರು ತುಂಬ ಚೆನ್ನಾಗಿದೆ" ಎನ್ನುವರು. ಸಾಹೇಬರಿಗೆ ಕೂಡಲೇ ಅರ್ಥವಾಗಿ, "ಆಯ್ತಮ್ಮ, ಬದಲಾಯಿಸ್ತೀನಿ. ಇನ್ನೆಷ್ಟು ಮೊಮ್ಮಕ್ಕಳನ್ನ ಹೆರಬೇಕು ನನ್ನ ಮಗಳು" ಎಂದು ಗೊಣಗುತ್ತಿದ್ದರಂತೆ.

ಅವರ ಏರ್ಪಾಡಿನ ಪ್ರಾಣವಿದ್ದದ್ದು ದಿನಕ್ಕೊಂದು ಮಾತಿನಲ್ಲಿ. ಬೆಳಿಗ್ಗೆ ಕಂಪ್ಯೂಟರು ಒಂದು ಮಾತನ್ನು ತಾಲ್ಲೂಕಿಗೆ ಕಳಿಸುತ್ತಿತ್ತು. ತಾಲ್ಲೂಕಿನ ಗುಮಾಸ್ತರು ಹೊಳೆದಂಡೆಯ ಬೀದಿಗಳಲ್ಲಿ ಗೊತ್ತುಮಾಡಿದ್ದವರಿಗೆ ಖುದ್ದಾಗಿ ಅದನ್ನು ತಿಳಿಸಿ ಬರಬೇಕು. ಅಪಾಯವಿದೆಯೆಂದು ಫೋನು ಬಂದರೆ, ಬೀದಿಯ ಆ ಜನ ಮೊದಲು ಫೋನಿಟ್ಟು ತಾವೇ ಕಚೇರಿಗೆ ತಿರುಗಿ ಮಾಡಬೇಕು. ಮಾಡಿ, ಇವತ್ತಿನ ಮಾತೇನು ಎಂದು ಕೇಳಬೇಕು. ಎರಡೂ ಕಡೆಯ ಮಾತು ಕೂಡಿದರೆ ಮಾತ್ರ ಬೀದಿಗೆ ಸುದ್ದಿ. "ದನಿ ನಂಬಬೇಡಿ, ಹೆಸರು ನಂಬಬೇಡಿ. ಮಾತು ಕೂಡ್ತಾ ನೋಡಿ" ಎಂದು ಊರೂರಿಗೆ ಹೋಗಿ ಹೇಳಿಕೊಟ್ಟು ಬಂದಿದ್ದರು.

ಅರಕಲಗೂಡಿನ ಒಂದು ಶಾಲೆಯಲ್ಲಿ ಹೀಗೆ ಹೇಳಿಕೊಡುವಾಗ ನಾನೂ ಇದ್ದೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, "ನೀರ್ ಬತ್ತದೆ ಅನ್ನಾಕೆ ಕಂಪ್ಯೂಟ್ರು ಯಾಕವ್ವ? ಕಪ್ಪೆ ಸಾಕು" ಎಂದ. ಎಲ್ಲರೂ ನಕ್ಕರು. ಇವರು ನಗುವುದು ಮುಗಿಯಲಿ ಎಂದು ಕಾದರು.

"ನಿಜ ಅಜ್ಜ. ಕಪ್ಪೆ ಸುಳ್ಳು ಹೇಳೋದಿಲ್ಲ. ಮನುಷ್ಯರು ಹೇಳ್ತಾರೆ, ಅದಕ್ಕೇ ಇದು."

ಅಜ್ಜ ಕೂತುಕೊಂಡ. ಆಮೇಲೆ ಹೋಗುವಾಗ, "ಅಲ್ಲಿಗಂಟ ಕಪ್ಪೇನೂ ಕೇಳ್ತಿರಿ" ಎಂದು ಬುದ್ಧಿ ಹೇಳಿಯೇ ಹೋದ.

ಆ ಮಾತುಗಳಲ್ಲಿ ಕೆಲವು ನನ್ನವಾಗಿದ್ದವು ಎಂದರೆ ನಂಬುತ್ತೀರೋ ಇಲ್ಲವೋ. ಬಂದ ಹೊಸದರಲ್ಲಿ ಕಾಂಪೌಂಡಿನ ಆಚೆಯಿಂದ, "ಅಕ್ಕ, ಒಂದು ಪದ ಹೇಳಿ, ಯಾವುದಾದರೂ" ಎಂದು ಕೇಳುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ಕೇಳಿದಾಗ ಎದ್ದು ನಿಂತು ಉತ್ತರಿಸುತ್ತಿದ್ದ ಅಭ್ಯಾಸ ನನಗೆ. ಯಾಕೆಂದು ಕೇಳದೆ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತಿದ್ದೆ. ಇಕ್ಕಳ. ದಾಸವಾಳ. ಹುಣಿಸೆಚಿಗುರು. ಒಂದು ದಿನ ನನ್ನ ತಂಗಿ ಫೋನಿನಲ್ಲಿ, ತಮ್ಮ ಬೀದಿಯ ಟೆಲಿಫೋನ್ ಬೂತಿನವರು ನಿನ್ನೆ ಇಡೀ ದಿನ ದಾಸವಾಳ ದಾಸವಾಳ ಎಂದು ಗೊಣಗುತ್ತಿದ್ದರೆಂದು ನಗಾಡಿದಳು. ನಾನು ಹೆಮ್ಮೆಯಿಂದ ಪಕ್ಕದ ಮನೆಗೆ ಹೋಗಿ ಹೇಳಿದೆ. ಅವರು ನಗಲಿಲ್ಲ. "ನಿಮಗೆ ಗೊತ್ತಾಗಿಹೋಯ್ತಲ್ಲ. ಇನ್ನು ನಿಮ್ಮನ್ನ ಕೇಳೋಕ್ಕಾಗಲ್ಲ ಅಕ್ಕ" ಎಂದರು. ಬೂತಿನವರನ್ನು ಕರೆಸಿ ಬಾಯಿ ಭದ್ರ ಎಂದು ಗದರಿಸಿದರಂತೆ. ಆಮೇಲೆ ಪದಗಳನ್ನು ಕಂಪ್ಯೂಟರಿನಿಂದಲೇ ಆರಿಸತೊಡಗಿದರು. ನನಗೆ ಕೆಲವು ದಿನ ಬೆಳಗ್ಗೆ ಕಾಂಪೌಂಡಿನ ಹತ್ತಿರ ಸುಮ್ಮನೆ ನಿಲ್ಲುವಂತಾಗುತ್ತಿತ್ತು.

ತಂಗಿ ಮದುವೆಯಾಗಿ ಹೋದದ್ದು ಹೊಳೆನರಸೀಪುರಕ್ಕೇ. ಅವಳ ಮನೆ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ. ಹೀಗಾಗಿ ಮಳೆಗಾಲವೆಂದರೆ ನನಗೂ ಪಕ್ಕದ ಮನೆಯ ಗೇಟಿನ ಮೇಲೆ ಒಂದು ಕಣ್ಣು. ಒಂದು ವರ್ಷ ಆಷಾಢದ ಮಳೆ ಬಿಡದೆ ಹಿಡಿದುಕೊಂಡಿತ್ತು. ನಾನು ಹೋಗಿ, "ನೀರು ಬಿಡೋದಾದ್ರೆ ಒಂದು ಗಂಟೆ ಮೊದಲು ನನಗೊಂದು ಮಾತು ಹೇಳಿ, ಅವಳಿಗೆ ಪುಟ್ಟ ಮಗು ಇದೆ" ಎಂದು ಕೇಳಿಕೊಂಡೆ.

"ಆಗಲ್ಲ ಅಕ್ಕ."

"ಯಾರಿಗೂ ಹೇಳಲ್ಲ. ಅವಳಿಗೊಬ್ಬಳಿಗೇ."

"ಅದಕ್ಕೇ ಆಗಲ್ಲ" ಎಂದರು. "ನಿಮ್ಮ ತಂಗಿ ಗಂಟು ಕಟ್ಟೋದನ್ನ ಪಕ್ಕದವರು ನೋಡ್ತಾರೆ. ಅವರು ಅವರ ಪಕ್ಕದವರಿಗೆ ಹೇಳ್ತಾರೆ. ಅಲ್ಲಿಂದ ಅದು ಸುದ್ದಿಯಾಗಿ ಉಳಿಯಲ್ಲ."

ನಾನು ತುಂಬ ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ಮನೆಗೆ ಹುಳಿ ಕೊಟ್ಟು ಕಳಿಸುವುದನ್ನೂ ನಿಲ್ಲಿಸಿದೆ. ಕಲ್ಲಿನಂಥ ಹೆಂಗಸು ಎಂದು ನನ್ನ ಯಜಮಾನರ ಮುಂದೆ ಅಂದೆ. ಅದೇ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಅವರು ಮಳೆಯಲ್ಲೇ ಕೊಡೆಯಿಲ್ಲದೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಆ ವರ್ಷ ನೀರು ಬೀದಿಗೆ ಬರಲಿಲ್ಲ.

ಬಂದದ್ದು ಇನ್ನೊಂದು ವರ್ಷ, ಎರಡು ಸಾವಿರದ ಈಚೆಗೆ, ಯಾರೂ ನಿರೀಕ್ಷಿಸದ ನವರಾತ್ರಿಯಲ್ಲಿ. ಕಟ್ಟೆ ಮೊದಲೇ ತುಂಬಿತ್ತು. ಹಬ್ಬದ ವಾರದಲ್ಲಿ ಮೇಲೆ ಮಳೆ ಹಿಡಿಯಿತು. ಅವರು ಗೊಂಬೆ ನೋಡಲೆಂದು ಚನ್ನರಾಯಪಟ್ಟಣದ ಅಣ್ಣನ ಮನೆಗೆ ಹೋಗಿದ್ದರು. ಯಂತ್ರವನ್ನು ನೋಡಿಕೊಳ್ಳಲು ಕಚೇರಿಯ ಗುಮಾಸ್ತರೊಬ್ಬರಿಗೆ ಹೇಳಿದ್ದರು. ಆಯುಧಪೂಜೆಯ ಬೆಳಿಗ್ಗೆ ಮನಸ್ಸು ತಡೆಯದೆ ಮೊದಲ ಬಸ್ಸಿಗೇ ಹೊರಟು ಬಂದರು. ಶಾಂತಿಗ್ರಾಮದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಲು ನಿಲ್ಲಿಸಿದ್ದಕ್ಕೆ ಡ್ರೈವರನ ಜೊತೆ ಜಗಳವಾಡಿ ಬಂದಿದ್ದರು. ಅವರು ಗೇಟಿನ ಬೀಗ ತೆಗೆಯುತ್ತಿರುವಾಗ ನಮ್ಮ ಮನೆಯ ಫೋನು ಹೊಡೆಯಿತು. ತಂಗಿ.

"ಅಕ್ಕ, ಕಟ್ಟೆ ಒಡೀತಂತೆ. ಬೂತಿಗೆ ಯಾರೋ ಫೋನ್ ಮಾಡಿದ್ರಂತೆ. ಎಲ್ಲ ಓಡ್ತಿದಾರೆ."

ನಾನು ಚಪ್ಪಲಿಯಿಲ್ಲದೆ ಪಕ್ಕದ ಗೇಟಿಗೆ ಓಡಿದೆ. ಅವರು ನನ್ನ ಜೊತೆಯಲ್ಲೇ ಬಂದು ನಮ್ಮ ಫೋನು ಎತ್ತಿಕೊಂಡರು. ಬೂತಿನವರು ಬೀದಿಗೆ ಹೇಳಿದರೇ ಎಂದು ತಂಗಿಯನ್ನು ಕೇಳಿದರು. ಇಲ್ಲ, ಆ ಫೋನಿನವನು ಮಾತು ಹೇಳಲಿಲ್ಲ ಎಂದು ಬೂತಿನವರು ಸುಮ್ಮನಿದ್ದರಂತೆ. ಆದರೆ ಅಲ್ಲಿ ನಿಂತಿದ್ದ ಗಿರಾಕಿಯೊಬ್ಬ ಕೂಗಿಬಿಟ್ಟನಂತೆ. ಇವರು, "ಹಾಗಾದ್ರೆ ಸುಳ್ಳು. ಓಡಬೇಡಿ" ಎಂದು ಫೋನಿಟ್ಟರು.

"ಕಟ್ಟೆ ಒಡೆದಿಲ್ಲ ಸರಿ. ನೀರು ಬಿಡ್ತಾರಾ?" ಎಂದೆ.

"ಗೊತ್ತಿಲ್ಲ."

"ಗೊತ್ತಿಲ್ವಾ, ಹೇಳಲ್ವಾ?"

ಅವರು ನನ್ನ ಮುಖ ನೋಡಿದರು. "ಬನ್ನಿ ನನ್ನ ಜೊತೆ" ಎಂದರು.

ಕಚೇರಿಯಲ್ಲಿ ಹಬ್ಬದ ರಜ. ಒಬ್ಬ ವಯಸ್ಸಾದ ಜವಾನ ಬಾಗಿಲಲ್ಲಿ ಕೂತು ಪುರಿ ತಿನ್ನುತ್ತಿದ್ದ. ಒಳಗೆ ಕಂಪ್ಯೂಟರಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ಕೀಬೋರ್ಡಿನ ಮೇಲೆ ಬಾಳೆಹಣ್ಣು, ಅದರಲ್ಲಿ ಊದುಬತ್ತಿ. ಯಂತ್ರ ಆರಿತ್ತು.

"ಯಾರು ಆರಿಸಿದ್ದು?"

"ಗುಮಾಸ್ತರು ಕಣವ್ವ. ನೆನ್ನೆ ಸಂಜೆ ಪೂಜೆ ಮಾಡುದ್ವಲ್ಲ. ಪೂಜೆ ಮಾಡಿದ್ ಆಯುಧ ನಾಳೆಗಂಟ ಮುಟ್ಬಾರ್ದು. ಅದುಕ್ಕೂ ಒಂದಿನ ರೆಸ್ಟು ಬ್ಯಾಡ್ವಾ?"

ಅವನ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮ ಮನೆಯ ಹೊಲಿಗೆ ಮಿಷನ್ನೂ ಆ ಹೊತ್ತಿಗೆ ಕುಂಕುಮ ಹಚ್ಚಿಕೊಂಡು ಹಾಗೆಯೇ ಮಲಗಿತ್ತು, ನಾನೂ ಮುಟ್ಟುತ್ತಿರಲಿಲ್ಲ. ಅವರು ಕೈಜೋಡಿಸಿ ಯಂತ್ರಕ್ಕೆ ನಮಸ್ಕಾರ ಮಾಡಿದರು. ಹಾರವನ್ನು ತೆಗೆದು ಮಡಿಸಿ ಜವಾನನ ಕೈಗೆ ಕೊಟ್ಟರು, ಬಾಳೆಹಣ್ಣನ್ನು ನನ್ನ ಕೈಗೆ. ಸ್ವಿಚ್ಚು ಹಾಕಿದರು. ಅದು ಎದ್ದು, ಗಂಟಲು ಸರಿಮಾಡಿಕೊಂಡು, ತಂತಿ ಸೇರಿ ಕೂಗುವಷ್ಟರಲ್ಲಿ ನನ್ನ ಕೈಯ ಬಾಳೆಹಣ್ಣು ಮೆತ್ತಗಾಗಿತ್ತು.

ಬೆಳಗಿನಿಂದ ಕಾಯುತ್ತಿದ್ದ ಸಂದೇಶ ಬಂತು. ಕಟ್ಟೆ ಗಟ್ಟಿಯಾಗಿದೆ. ಒಳಹರಿವು ಏರಿದೆ. ಮಧ್ಯಾಹ್ನದ ಮೇಲೆ ಹೆಚ್ಚು ನೀರು ಬಿಡಲಾಗುತ್ತದೆ. ದಂಡೆಯ ತಗ್ಗಿನ ಬೀದಿಗಳನ್ನು ತೆರವು ಮಾಡಿಸಿ.

ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಫೋನು ಎತ್ತುವವರಿಲ್ಲ. ಠಾಣೆಯದು ಬೆಳಗಿನ ಪುಕಾರಿನಿಂದಾಗಿ ಎಂಗೇಜು. ಬೂತು ಮಾತ್ರ ತೆರೆದಿತ್ತು. ಅದನ್ನು ನಡೆಸುತ್ತಿದ್ದವರ ಮನೆ ಬೌದ್ಧರದು. ಹಬ್ಬವೆಂದು ಅವರು ಬಾಗಿಲು ಹಾಕುತ್ತಿರಲಿಲ್ಲ, ಫೋನಿಗೆ ಕುಂಕುಮವನ್ನೂ ಇಡುತ್ತಿರಲಿಲ್ಲ. ಕೆಳಗಿನ ಬೀದಿಯಲ್ಲಿ ಹೊಳೆಗೆ ಮೊದಲ ಮನೆಯೇ ಅವರದು. ಮೇಡಂ ಸಂದೇಶ ಹೇಳಿ, "ತಿರುಗಿ ಮಾಡಿ" ಎಂದು ಇಟ್ಟರು. ಕೂಡಲೇ ಫೋನು ಹೊಡೆಯಿತು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಇವತ್ತಿನ ಮಾತು ಏಳಿ."

ಮೇಡಂ ಪರದೆಯ ಮೇಲಿದ್ದ ಮಾತನ್ನು ಹೇಳಿದರು.

"ನಂಗ್ ಬಂದಿಲ್ಲ ಮೇಡಂ. ಇವತ್ತು ತಾಲ್ಲೂಕಿಂದ ಯಾರೂ ಬರ್ಲಿಲ್ಲ. ಯಾವ್ದುಕ್ಕೆ ಕೂಡುಸ್ಲಿ?"

ಆಗಲೇ ಅವರಿಗೆ ಹೊಳೆದದ್ದು: ಯಂತ್ರ ಆರಿದ್ದರಿಂದ ಮಾತೂ ಹೋಗಿರಲಿಲ್ಲ. "ಯಂತ್ರ ಆರಿಸಿದ್ರು. ಇದು ನಿಜವಾದ ಸುದ್ದಿ" ಎಂದರು.

"ಬೆಳಗ್ಗೆ ಮಾಡ್ದೋನೂ ನಿಜ ಅಂದ. ರಜಾ ದಿನ ಆಪೀಸಲ್ಲಿ ಯಾರ್ ಕುಂತವ್ರೋ ನಂಗೇನ್ ಗೊತ್ತು? ಜನ ಆಗ್ಲೇ ಒಂದ್ಸಲ ಓಡಿ, ಉಗೀತಾ ವಾಪಸ್ ಬಂದವ್ರೆ. ಮಾತಿಲ್ದೆ ನಾನು ಬೀದಿಗ್ ಏಳಕ್ಕಾಗಲ್ಲ ಮೇಡಂ. ನೀವೇ ಅಲ್ವಾ ಏಳಿದ್ದು."

ಅವರು ಫೋನನ್ನು ಕುಕ್ಕಿ ಇಟ್ಟರು. ಆದರೂ, "ಸರಿಯಾಗೇ ಮಾಡಿದ್ರು" ಎಂದು ಹೇಳಿಕೊಂಡರು. ನನ್ನ ಕಡೆ ತಿರುಗಿ, "ನಿಮ್ಮ ತಂಗಿಗೆ ಹೇಳಿ. ಈಗ ಹೇಳಬಹುದು. ಬೀದಿಯವರಿಗೂ ಹೇಳೋಕೆ ಹೇಳಿ" ಎಂದರು. ನಾನು ಹೇಳಿದೆ. ಹೊರಡುತ್ತೇನೆ ಎಂದಳು ತಂಗಿ, "ಆದ್ರೆ ಬೀದಿಯೋರು ನನ್ನ ಮಾತು ಕೇಳಲ್ಲ ಅಕ್ಕ. ಬೂತಿನವರು ಹೇಳದೆ ಯಾರೂ ಅಲ್ಲಾಡಲ್ಲ. ಅವರಿಗೆ ಹಾಗೆ ಪಾಠ ಮಾಡಿದಾರೆ ನಿಮ್ಮ ಮೇಡಂ."

ಸಾಹೇಬರ ಮನೆಗೆ ಫೋನು ಮಾಡಿದರೆ ಮಂಗಳಾರತಿ ಆಗಲಿ ಎಂದರು. ಇವರು ಕಾಯಲಿಲ್ಲ. ಪೂಜೆಯಾಗಿ ನಿಂತಿದ್ದ ಕಚೇರಿಯ ಜೀಪನ್ನು ಡ್ರೈವರನ ಸಮೇತ ಹೊರಡಿಸಿದರು; ಗಾಡಿಯಾದರೆ ನಿಂಬೆಹಣ್ಣು ತುಳಿದು ಹೊರಡಬಹುದು, ಅದಕ್ಕೆ ಶಾಸ್ತ್ರದ ತಕರಾರಿಲ್ಲ. ಎರಡೂ ಕಡೆ ಬಾಳೆಕಂದು ಕಟ್ಟಿದ ಜೀಪು ಮೊಸಳೆಹೊಸಹಳ್ಳಿಯ ಮೇಲೆ ಹಾಯುವಾಗ ಜನ ಪೂಜೆಯ ಮೆರವಣಿಗೆಯೆಂದು ಪಕ್ಕಕ್ಕೆ ಸರಿದರು. ದಾರಿಯುದ್ದಕ್ಕೂ ಅವರು ಡ್ಯಾಶ್‌ಬೋರ್ಡನ್ನು ಬೆರಳಿನಿಂದ ಬಡಿಯುತ್ತಿದ್ದರು. "ಹೊಡೆದ್ರೆ ಜೋರಾಗಿ ಓಡಕ್ಕೆ ಇದು ಎತ್ತಲ್ಲ ಮೇಡಂ" ಎಂದು ಡ್ರೈವರು ಬೇಡಿಕೊಂಡ. ಅವರಿಗೆ ಕೇಳಿಸಲೇ ಇಲ್ಲ.

ಬೀದಿಯ ತುದಿಯಲ್ಲಿ ಬೂತಿನವರ ತಾಯಿ ಹೊಸ್ತಿಲ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದರು. "ಬೆಳಗ್ಗೆ ಒಬ್ಬ ಓಡ್ಸುದ. ಈಗ ನೀನ್ ಬಂದ್ಯಾ ತಾಯಿ, ಬಾಳೆಕಂದು ಕಟ್ಕಂಡು?"

ಮೇಡಂ ಜೀಪಿನಿಂದ ಇಳಿದರು. ಬೂತಿನವರ ಮುಂದೆ ನಿಂತು, "ನಾನೇ ಬಂದಿದೀನಿ. ನೋಡಿ" ಎಂದರು. ಅವರು ನೋಡಿದರು. ಒಂದೇ ಒಂದು ಸಲ ತಲೆಯಾಡಿಸಿ ಬೀದಿಗಿಳಿದು ಕೂಗತೊಡಗಿದರು. ಅವರು ಕೂಗಿದ ಮೇಲೆ ಬಾಗಿಲುಗಳು ತೆರೆದವು. ದರ್ಜಿಯೊಬ್ಬ ಮಾತ್ರ, ಪೂಜೆ ಮಾಡಿದ ಮಿಷನ್ನು ಎತ್ತುವುದಿಲ್ಲ ಎಂದು ಹಟ ಹಿಡಿದ. ಮೇಡಂ ಅದಕ್ಕೂ ಕೈಮುಗಿದು ಒಂದು ಕಡೆ ಹಿಡಿದರು. ಇನ್ನೊಂದು ಕಡೆ ನಾನು. ಹೊಳೆ ಆಗಲೇ ದಂಡೆಯ ಮೆಟ್ಟಿಲಿನ ಮೇಲೆ ಕೆಂಪಗೆ ತಿರುಗುತ್ತಿತ್ತು.

ಆಮೇಲೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರ ಜೀವವೂ ಹೋಗಲಿಲ್ಲ. ಅಪ್ಪಣೆಯಿಲ್ಲದೆ ಜೀಪು ತೆಗೆದುಕೊಂಡದ್ದಕ್ಕೆ ಮೇಡಂಗೆ ಮೆಮೊ ಬಂತು. ಬೆಳಗಿನ ಫೋನು ಮಾಡಿದವನು ಯಾರೆಂದು ತಿಳಿಯಲಿಲ್ಲ. ಯಂತ್ರಗಳಿಗೆ ಪೂಜೆಯಾದರೂ ಆರಿಸಬಾರದೆಂದು ಹೊಸ ನಿಯಮವಾಯಿತು. ಗುಮಾಸ್ತರು ಮುಂದಿನ ವರ್ಷ ಉರಿಯುತ್ತಿರುವ ಪರದೆಗೇ ಹೆದರಿ ಹೆದರಿ ಕುಂಕುಮ ಹಚ್ಚಿದರಂತೆ.

ನನ್ನ ಕಣ್ಣಿನಲ್ಲಿ ಉಳಿದಿರುವುದು ಆ ಸಂಜೆ. ನೀರು ತಗ್ಗಿನ ಮನೆಗಳಿಗೆ ನುಗ್ಗಿ ನಿಂತಿತ್ತು. ಬೂತಿನವರ ಮನೆಯ ಹಿಂದಿನ ಗೋಡೆ ಕುಸಿದಿತ್ತು. ಬೀದಿಯವರ ಸಾಮಾನೆಲ್ಲ ಸಾಗಿಸಿದ ಮೇಲೆ ಅವರು ತಾಯಿಯನ್ನು ಬೆನ್ನ ಮೇಲೆ ಹೊತ್ತು ಕೊನೆಗೆ ಮೇಲೆ ಬಂದಿದ್ದರು. ತಮ್ಮ ಮನೆಯಿಂದ ಹೆಚ್ಚೇನೂ ತರಲಾಗಿರಲಿಲ್ಲ. ದಿಣ್ಣೆಯ ಮೇಲೆ ಕೆಸರುಗಾಲಿನಲ್ಲಿ ನಿಂತು ಗೋಡೆ ಹೋದ ಜಾಗವನ್ನು ನೋಡುತ್ತಿದ್ದರು.

"ಫೋನಲ್ಲಿ ನಿಮ್ ದನಿ ನಂಗ್ ಗೊತ್ತಾಗಿತ್ತು ಮೇಡಂ" ಎಂದರು.

ಮೇಡಂ ತಿರುಗಿದರು. "ಗೊತ್ತಾಗಿತ್ತಾ?"

"ಮೊದಲ್ನೇ ಮಾತಿಗೇ. ಆದ್ರೆ ದನಿ ನಂಬಬ್ಯಾಡಿ ಅಂದಿದ್ರಿ. ನಿಮ್ ದನಿಗೂ ಅದೇ ರೂಲ್ಸು ಅಂದ್ಕಂಡೆ."

ಆಮೇಲೆ ಮೇಡಂ ಬಹಳ ಮೆತ್ತಗೆ, "ಬೀದಿಗೆ ಹೇಳದೆ ಇದ್ದದ್ದು ಸರಿ. ನಿಮ್ಮ ತಾಯೀನಾದ್ರೂ ಆಗಲೇ ಮೇಲೆ ಕಳಿಸಬಾರದಿತ್ತಾ?" ಎಂದು ಕೇಳಿದರು.

"ಬೀದಿಗ್ ಏಳ್ದೆ ನಮ್ಮವ್ವನ್ ಮಾತ್ರ ಎಂಗ್ ಕಳ್ಸಾದು ಮೇಡಂ?"

ನನ್ನ ತಂಗಿ ಮಗುವನ್ನೆತ್ತಿಕೊಂಡು, ಎರಡು ಸೂಟ್‌ಕೇಸುಗಳೊಂದಿಗೆ, ಆಗಲೇ ಮಧ್ಯಾಹ್ನದಿಂದ ದೇವಸ್ಥಾನದ ಜಗಲಿಯ ಮೇಲೆ ಕೂತಿದ್ದಳು. ಅವಳ ಸೀರೆಯ ಅಂಚು ಒಣಗಿತ್ತು. ನಾನು ಅತ್ತ ನೋಡಿದೆ, ಇತ್ತ ನೋಡಿದೆ.

ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು. "ನಾಳೆನೂ ನೀರು ಬಿಡ್ತಾರೆ. ಇನ್ನೂ ಹೆಚ್ಚು. ನಾಳೆ ಮಾತು ಈಗಲೇ ಕೊಟ್ಟು ಹೋಗ್ತೀನಿ. ಹತ್ತಿರ ಬನ್ನಿ" ಎಂದರು.

ಬೂತಿನವರು ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಬಂದು ಕಿವಿಗೊಟ್ಟರು. ನಾನು ನಾಲ್ಕು ಹೆಜ್ಜೆ ದೂರ ಹೋಗಿ, ಹೊಳೆಯ ಕಡೆ ಮುಖ ಮಾಡಿ ನಿಂತೆ.